ಬಕೆಟ್ಟಿನಲ್ಲಿ ಬದನೆ

(ಬೆಂಗಳೂರಿನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ, ಒಂದು ಭಾನುವಾರ ಬೆಳಿಗ್ಗೆ ತಾರಸಿ ತೋಟದ ಗೆಳೆಯರ ಮುಂದೆ ಆಡಿದ ಮಾತು. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬದನೆಕಾಯಿ ಬಗ್ಗೆ ಒಂದು ಗಂಟೆ ಮಾತಾಡಬೇಕಂತೆ ಅಂದಾಗ ನಮ್ಮ ಮನೆಯಲ್ಲಿ ನಕ್ಕರು. ಅದರಲ್ಲಿ ಒಂದು ಗಂಟೆ ಹೇಳೋಕೆ ಏನಿದೆ ಅಂತ. ನಮ್ಮಲ್ಲಿ ಈ ಕಾಯಿಗೆ ಮೊದಲಿಂದಲೂ ಮರ್ಯಾದೆ ಕಡಿಮೆ. ಓದಿದ್ದು ಕೆಲಸಕ್ಕೆ ಬರದಿದ್ದರೆ ಪುಸ್ತಕದ ಬದನೆಕಾಯಿ ಅನ್ನುತ್ತೇವೆ. ಹೇಳಿದಂತೆ ನಡೆಯದವರನ್ನು ಕಂಡರೆ ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುತ್ತೇವೆ. ಇವತ್ತು ಈ ಎರಡು ಮಾತೂ ನನಗೇ ಬರಬಾರದು ಅಂತ ಗಿಡವನ್ನೇ ಹೊತ್ತು ತಂದಿದ್ದೇನೆ. ನೋಡಿ, ಇದು 20 ಲೀಟರಿನ ಹಳೇ ಪೇಂಟ್ ಬಕೆಟ್. ನೀರು ಕುಡಿದ ಮಣ್ಣು ಸೇರಿ 25 ಕಿಲೋ ಆಸುಪಾಸು ತೂಗುತ್ತದೆ. ಎರಡು ಮಹಡಿ ಇಳಿಸಿ, ಆಟೋದಲ್ಲಿ ಕಾಲ ಮಧ್ಯೆ ಇಟ್ಟುಕೊಂಡು ಬಂದೆ. ಇನ್ನೂ ಸೊಂಟ ಹಿಡಿದುಕೊಂಡಿದೆ.

ಈ ಬಕೆಟ್ಟಿನಿಂದಲೇ ಶುರು ಮಾಡುತ್ತೇನೆ. ನಾನು ಮೊದಲ ಸಲ ತಾರಸಿಯಲ್ಲಿ ಬದನೆ ಹಾಕಿದಾಗ ಎಂಟು ಇಂಚಿನ ಕುಂಡ ಹನ್ನೆರಡು ತಂದಿದ್ದೆ. ಸಾಲಾಗಿ ಜೋಡಿಸಿ, ಫೋಟೋ ತೆಗೆದು ಅಕ್ಕನಿಗೆ ಕಳಿಸಿದ್ದೆ. ಗಿಡ ಮೊಣಕಾಲೆತ್ತರ ಬಂತು. ಹೂ ಬಿಟ್ಟಿತು. ಹೂ ಉದುರಿತು. ಮತ್ತೆ ಬಿಟ್ಟಿತು, ಮತ್ತೆ ಉದುರಿತು. ಗೊತ್ತಿದ್ದವರನ್ನೆಲ್ಲ ಕೇಳಿದೆ. ಒಬ್ಬರು ಹೂ ಉದುರದ ಹಾಗೆ ಹೊಡೆಯುವ ಔಷಧಿ ಕೊಟ್ಟರು. ಇನ್ನೊಬ್ಬರು ಬೋರಾನ್ ಕಮ್ಮಿ ಅಂದರು. ಪಕ್ಕದ ಮನೆ ಅಜ್ಜಿ ದೃಷ್ಟಿ ಆಗಿದೆ, ಫೋಟೋ ಯಾಕೆ ತೆಗೆದೆ ಅಂದರು. ಆ ವರ್ಷ ಹನ್ನೆರಡು ಗಿಡದಿಂದ ಸಿಕ್ಕಿದ್ದು ಒಂದು ಸಲದ ವಾಂಗಿಭಾತಿಗೆ ಆಗುವಷ್ಟು. ಅದಕ್ಕೂ ಆಲೂಗಡ್ಡೆ ಸೇರಿಸಬೇಕಾಯಿತು.

ಕೊನೆಗೆ ಬೇಸರವಾಗಿ ಒಂದು ಗಿಡ ಕಿತ್ತೆ. ಕುಂಡದ ಮಣ್ಣು ಹಾಗೇ ಇಡಿಯಾಗಿ, ಅಚ್ಚಿನಿಂದ ಬಿಡಿಸಿದ ಇಡ್ಲಿ ಹಾಗೆ ಕಳಚಿಕೊಂಡು ಬಂತು. ಸುತ್ತಲೂ ಬೇರೇ ಬೇರು. ಕುಂಡದ ಗೋಡೆಗೆ ತಾಗಿ ತಿರುಗಿ, ಅಡಿಯಲ್ಲಿ ಸಿಂಬೆ ಸುತ್ತಿಕೊಂಡಿತ್ತು. ಮಣ್ಣು ಎಲ್ಲಿದೆ ಅಂತ ಹುಡುಕಬೇಕು, ಹಾಗಿತ್ತು. ನೆಲದಲ್ಲಾದರೆ ಬದನೆಯ ಬೇರು ಎರಡು ಮೂರು ಅಡಿ ಆಳಕ್ಕೆ ಸಲೀಸಾಗಿ ಇಳಿಯುತ್ತದೆ. ಎಂಟು ಇಂಚಿನ ಕುಂಡ ಹಿಡಿಯುವುದು ಐದಾರು ಲೀಟರ್. ನಾನು ಆ ಗಿಡಕ್ಕೆ ಕೊಟ್ಟಿದ್ದು ಮನೆ ಅಲ್ಲ, ಬಸ್ಸಿನ ಸೀಟು.

ಹಾಗಾಗಿ ನನ್ನ ಮಾತೆಲ್ಲ ಇದರ ಸುತ್ತಲೇ ತಿರುಗುತ್ತದೆ. ಗಿಡ ಕಡಿಮೆ ಮಾಡಿ, ಕುಂಡ ದೊಡ್ಡದು ಮಾಡಿ. ಒಂದು ಗಿಡಕ್ಕೆ 20 ಲೀಟರ್. 12ಕ್ಕೆ 12 ಇಂಚಿನ ಗ್ರೋ ಬ್ಯಾಗ್ ಆದರೆ ಸುಮಾರು 22 ಲೀಟರ್ ಹಿಡಿಯುತ್ತದೆ, ಸಾಕು. 15ಕ್ಕೆ 15ರದ್ದು ಅದರ ಎರಡರಷ್ಟು ಹಿಡಿಯುತ್ತದೆ, ಇನ್ನೂ ಒಳ್ಳೆಯದು. ಆದರೆ ಅದರಲ್ಲಿ ಎರಡು ಗಿಡ ನೆಡುವ ಆಸೆ ಹುಟ್ಟುತ್ತದೆ, ಅದನ್ನು ಅದುಮಿಕೊಳ್ಳಿ. ಪೇಂಟ್ ಬಕೆಟ್, ಒಡೆದ ನೀರಿನ ಕ್ಯಾನು, ಅರ್ಧ ಕೊಯ್ದ ಡ್ರಮ್ಮು, ಯಾವುದಾದರೂ ಸರಿ. ಬಕೆಟ್ಟಾದರೆ ಪೇಂಟನ್ನು ಚೆನ್ನಾಗಿ ಕೆರೆದು ತೊಳೆಯಿರಿ. ಅಡಿಯಲ್ಲಿ ಬೆರಳು ದಪ್ಪದ ಐದಾರು ತೂತು ಹಾಕಿ. ತಳದಿಂದ ಒಂದು ಇಂಚು ಮೇಲೆ, ಪಕ್ಕದಲ್ಲೂ ಎರಡು ಮೂರು ತೂತು ಇರಲಿ. ಅಡಿಯ ತೂತು ಕಟ್ಟಿಕೊಂಡರೂ ನೀರು ಪಕ್ಕದಿಂದ ಹೋಗುತ್ತದೆ. ಎರಡು ಇಟ್ಟಿಗೆ ಮೇಲೆ ಕೂರಿಸಿ. ತಾರಸಿಯ ನಡುವೆ ಬೇಡ, ಗೋಡೆ ಅಥವಾ ತೊಲೆ ಇರುವ ಜಾಗದ ಮೇಲೆ ಇಡಿ. ಒಂದು ಬಕೆಟ್ 25 ಕಿಲೋ ಅಂದೆನಲ್ಲ, ಹತ್ತು ಬಕೆಟ್ಟಿನ ಲೆಕ್ಕ ನೀವೇ ಹಾಕಿ.

ಮಣ್ಣಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ, ಅದೇ ಕೊಕೊಪೀಟು, ಒಂದು ಪಾಲು. ಬಕೆಟ್ಟಿಗೆ ಎರಡು ಹಿಡಿ ಬೇವಿನ ಹಿಂಡಿ. ಬರೀ ಕೆಂಪು ಮಣ್ಣು ತುಂಬಿದರೆ ಎರಡು ತಿಂಗಳಲ್ಲಿ ಇಟ್ಟಿಗೆ ಆಗುತ್ತದೆ. ಬರೀ ಕೊಕೊಪೀಟಾದರೆ ಗಿಡಕ್ಕೆ ತಿನ್ನಲು ಏನೂ ಇರುವುದಿಲ್ಲ. ನಾನೊಮ್ಮೆ ಒಂದು ಅಂಗಡಿಯಿಂದ ಸಾವಯವ ಮಣ್ಣು ಅಂತ ಚೀಲಗಟ್ಟಲೆ ತಂದೆ. ಎತ್ತುವಾಗಲೇ ಅನುಮಾನ ಬರಬೇಕಿತ್ತು, ದಿಂಬಿನಷ್ಟು ಹಗುರ ಇತ್ತು. ಅಷ್ಟೂ ನಾರಿನ ಪುಡಿ. ಅಂದಹಾಗೆ ಕೊಕೊಪೀಟಿನಲ್ಲಿ ಉಪ್ಪಿನಂಶ ಇರುತ್ತದೆ. ನೆನೆಸಿ, ನೀರು ಬಸಿದು, ಎರಡು ಮೂರು ಸಲ ತೊಳೆದೇ ಬಳಸಿ.

ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿದರೆ ಒಂದು ವಾರ, ಹತ್ತು ದಿನದಲ್ಲಿ ಮೊಳೆಯುತ್ತದೆ. ಡಿಸೆಂಬರಿನ ಚಳಿಯಲ್ಲಿ ಇನ್ನೂ ತಡ. ನಾಲ್ಕೈದು ಎಲೆ ಬಂದ ಸಸಿಯನ್ನು, ಅಂದರೆ ಸುಮಾರು ಐದು ವಾರದ್ದನ್ನು, ಸಂಜೆ ಹೊತ್ತು ಬಕೆಟ್ಟಿಗೆ ನೆಡಿ. ನೆಟ್ಟ ಎರಡು ಎರಡೂವರೆ ತಿಂಗಳಿಗೆ ಮೊದಲ ಕಾಯಿ. ಬಿಸಿಲು ದಿನಕ್ಕೆ ಆರು ಗಂಟೆ ಬೇಕೇ ಬೇಕು. ಬಾಲ್ಕನಿಯಲ್ಲಿ ಎರಡು ಗಂಟೆ ಬಿಸಿಲು ಬರುತ್ತದೆ, ಆಗುತ್ತಾ ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಆಗುವುದಿಲ್ಲ. ಅಲ್ಲಿ ಪುದೀನ ಹಾಕಿ.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ, ಹೂವು. ಮುಂದೆ ಕೂತವರು ಸ್ವಲ್ಪ ಹತ್ತಿರ ಬನ್ನಿ. ಬದನೆ ಹೂ ತಲೆ ತಗ್ಗಿಸಿಕೊಂಡಿರುತ್ತದೆ, ಹಾಗಾಗಿ ಯಾರೂ ಅದರ ಮುಖ ಸರಿಯಾಗಿ ನೋಡಿರುವುದಿಲ್ಲ. ಮೆಲ್ಲಗೆ ಎತ್ತಿ ನೋಡಿ. ನೇರಳೆ ದಳದ ನಡುವೆ ಹಳದಿ ಕೇಸರಗಳು ಒಂದಕ್ಕೊಂದು ಒತ್ತಿಕೊಂಡು ಗೋಪುರದ ಹಾಗೆ ನಿಂತಿವೆ. ಆ ಗೋಪುರದ ತುದಿಯಿಂದ ಹಸಿರು ಬಣ್ಣದ, ಗುಂಡುಸೂಜಿ ತಲೆಯಂಥದ್ದು ಆಚೆ ಇಣುಕುತ್ತಿದೆ, ಕಾಣ್ತಾ? ಅದು ಹೆಣ್ಣು ಭಾಗದ ತುದಿ. ಈ ಹೂ ಕಾಯಿ ಕಟ್ಟುತ್ತದೆ. ಈಗ ಪಕ್ಕದ ಹೂ ನೋಡಿ. ಇದರಲ್ಲಿ ಆ ತಲೆ ಕಾಣುವುದೇ ಇಲ್ಲ. ಗೋಪುರದ ಒಳಗೇ ಗಿಡ್ಡಗೆ ಉಳಿದುಬಿಟ್ಟಿದೆ. ಇದು ಕಾಯಿ ಕಟ್ಟುವುದಿಲ್ಲ. ನಾಲ್ಕು ದಿನ ಇದ್ದು ಉದುರುತ್ತದೆ. ನೀವು ಏನೇ ಔಷಧಿ ಹೊಡೆದರೂ ಅಷ್ಟೇ.

ಒಂದೇ ಗಿಡದಲ್ಲಿ ಎರಡೂ ಥರದ ಹೂ ಬರುವುದು ಬದನೆಯ ಸ್ವಭಾವ. ಆದ್ದರಿಂದ ಸ್ವಲ್ಪ ಹೂ ಉದುರಿದರೆ ಗಾಬರಿ ಬೇಡ. ಆದರೆ ಗಿಡಕ್ಕೆ ಕಷ್ಟ ಬಂದಾಗ ಈ ಗಿಡ್ಡ ತಲೆಯ ಹೂಗಳೇ ಜಾಸ್ತಿ ಬರುತ್ತವೆ. ಕಷ್ಟ ಅಂದರೆ ಬೇರಿಗೆ ಜಾಗ ಇಲ್ಲ, ಗೊಬ್ಬರ ಮುಗಿದಿದೆ, ನೀರು ಒಂದು ದಿನ ಇದೆ ಒಂದು ದಿನ ಇಲ್ಲ, ಅಥವಾ ಮೈತುಂಬ ಕಾಯಿ ಹೊತ್ತು ಸುಸ್ತಾಗಿದೆ. ಗಿಡ ತನ್ನ ಕೈಲಾಗದ ಮಕ್ಕಳನ್ನು ಹೆರುವುದಿಲ್ಲ ಅಂತ ನಿರ್ಧಾರ ಮಾಡಿದ ಹಾಗೆ. ನನ್ನ ಹನ್ನೆರಡು ಕುಂಡದಲ್ಲಿ ಆಗಿದ್ದು ಇದೇ ಇರಬೇಕು. ಆಗ ನನಗೆ ಹೂವಿನ ಮುಖ ನೋಡುವುದು ಗೊತ್ತಿರಲಿಲ್ಲ.

ಈಗ ವಾರಕ್ಕೊಮ್ಮೆ ಕಾಫಿ ಲೋಟ ಹಿಡಿದು ಹೋಗಿ ಹತ್ತು ಹೂ ಎತ್ತಿ ನೋಡುತ್ತೇನೆ. ಐದಾರರಲ್ಲಿ ತಲೆ ಆಚೆ ಇದ್ದರೆ ಸುಮ್ನೆ ಕೆಳಗಿಳಿದು ಬರುತ್ತೇನೆ. ಎರಡೋ ಮೂರೋ ಇದ್ದರೆ ಊಟ ಹಾಕುತ್ತೇನೆ. ಏನು ಊಟ ಅಂದರೆ, ಎರಡು ಹಿಡಿ ಗೊಬ್ಬರ ಮೇಲುಮಣ್ಣಿಗೆ ಬೆರೆಸಿ, ಕಡಲೆಕಾಯಿ ಹಿಂಡಿ ಮೂರು ದಿನ ನೆನೆಸಿದ ನೀರನ್ನು ಹತ್ತು ಪಟ್ಟು ತೆಳು ಮಾಡಿ ಕೊಡುವುದು. ಆ ಮೂರು ದಿನದ ವಾಸನೆಗೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದ್ದಾರೆ, ಮುಚ್ಚಳ ಹಾಕಿಡಿ. ಒಲೆ ಬೂದಿ ಸಿಕ್ಕರೆ ತಿಂಗಳಿಗೆ ಒಂದು ಹಿಡಿ, ಹೆಚ್ಚು ಬೇಡ. ಯೂರಿಯಾ ಹಾಕಿ ಎಲೆಯನ್ನು ಮುತ್ತುಗದೆಲೆಯಷ್ಟು ಬೆಳೆಸಿ ಕಾಯಿ ಇಲ್ಲ ಅಂತ ಕೂರಬೇಡಿ.

"ಸರ್, ನಮ್ಮದು ಆರನೇ ಮಹಡಿ. ಜೇನುಹುಳು ಬರೋದೇ ಇಲ್ಲ. ಕಾಯಿ ಕಟ್ಟುತ್ತಾ?"

ಒಳ್ಳೇ ಪ್ರಶ್ನೆ. ಬದನೆ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದರೆ ಪರಾಗ ಸುಲಭಕ್ಕೆ ಆಚೆ ಬರುವುದಿಲ್ಲ. ಕೇಸರದ ತುದಿಯಲ್ಲಿ ಸಣ್ಣ ತೂತು ಇರುತ್ತದೆ, ಊಟದ ಟೇಬಲ್ಲಿನ ಉಪ್ಪಿನ ಡಬ್ಬಿ ಥರ. ಅಲ್ಲಾಡಿಸಿದರೆ ಉದುರುತ್ತದೆ, ಇಲ್ಲದಿದ್ದರೆ ಇಲ್ಲ. ಕಪ್ಪಗೆ ದಪ್ಪಗೆ ಇರುವ ಬಡಗಿ ದುಂಬಿ ನೋಡಿದ್ದೀರಲ್ಲ, ಮರ ಕೊರೆಯುವುದು? ಅದು ಹೂವನ್ನು ತಬ್ಬಿ ಹಿಡಿದು ಮೈ ಝುಂ ಅನ್ನಿಸುತ್ತದೆ. ಆ ನಡುಕಕ್ಕೆ ಪರಾಗ ಉದುರುತ್ತದೆ. ಹೊಟ್ಟೆ ಮೇಲೆ ನೀಲಿ ಪಟ್ಟೆ ಇರುವ ಒಂದು ಸಣ್ಣ ಜೇನಿದೆ, ಅದಕ್ಕೂ ಈ ವಿದ್ಯೆ ಗೊತ್ತು. ನಮ್ಮ ತುಡುವೆ ಜೇನಿಗೆ ಬರುವುದಿಲ್ಲ. ಹಾಗಾಗಿ ಜೇನುಪೆಟ್ಟಿಗೆ ಇಟ್ಟರೂ ಬದನೆಗೆ ಅಂಥ ಲಾಭ ಇಲ್ಲ. ಆರನೇ ಮಹಡಿಯಲ್ಲಿ ದುಂಬಿಯ ಕೆಲಸ ನೀವೇ ಮಾಡಿ. ಬೆಳಿಗ್ಗೆ ಹತ್ತರೊಳಗೆ ಹೂವಿನ ಹಿಂದಿನ ತೊಟ್ಟಿಗೆ ಬೆರಳಿನಿಂದ ಟಪ್ ಟಪ್ ಅಂತ ತಟ್ಟಿ. ಬ್ಯಾಟರಿ ಹಲ್ಲುಜ್ಜುವ ಬ್ರಷ್ ಇದ್ದರೆ ಅದನ್ನು ತೊಟ್ಟಿಗೆ ತಾಗಿಸಿದರೂ ಆಯಿತು. ಮಕ್ಕಳಿಗೆ ಈ ಕೆಲಸ ಕೊಡಿ, ಬ್ರಷ್ ಹಿಡಿದು ಓಡುತ್ತಾರೆ.

ನೀರಿನ ವಿಷಯ. ಮಳೆಗಾಲದಲ್ಲಿ ಬೆರಳು ಮಣ್ಣಿಗೆ ಚುಚ್ಚಿ ನೋಡಿ ಹಾಕಿ. ಏಪ್ರಿಲಿನಲ್ಲಿ ಕಾಯಿ ಹೊತ್ತ ಗಿಡ ದಿನಕ್ಕೆ ಎರಡು ಮೂರು ಲೀಟರ್ ಕುಡಿಯುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮಣ್ಣಿನ ಮೇಲೆ ಒಣಗಿದ ಎಲೆ ಮೂರು ಇಂಚು ಹಾಸಿ. ಕಾವೇರಿ ನೀರು ಎರಡು ದಿನಕ್ಕೊಮ್ಮೆ ಬಿಡುವ ನಮ್ಮ ಏರಿಯಾದಲ್ಲಿ ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲ ಬಕೆಟ್ಟಿಗೇ. ಇಲ್ಲೂ ದೊಡ್ಡ ಬಕೆಟ್ಟೇ ಕಾಪಾಡುವುದು. ಸಣ್ಣ ಕುಂಡ ಒಂದು ಮಧ್ಯಾಹ್ನದಲ್ಲಿ ಒಣಗುತ್ತದೆ, 20 ಲೀಟರಿನದ್ದು ನೀವು ಒಂದು ದಿನ ಊರಿಗೆ ಹೋಗಿ ಬಂದರೂ ತಡೆದುಕೊಳ್ಳುತ್ತದೆ.

ಇನ್ನು ಹುಳ. ಬದನೆ ಅಂದರೆ ಹುಳ, ಹುಳ ಅಂದರೆ ಬದನೆ. ಹಿಟ್ಟು ತಿಗಣೆ, ಹೇನು, ಬಿಳಿ ನೊಣ ಇವೆಲ್ಲ ಬರುತ್ತವೆ. ಜೋರಾಗಿ ನೀರು ಹೊಡೆದು, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ ಮತ್ತೆ ನಾಲ್ಕು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತವೆ. ಎಲೆಯ ಅಡಿಗೆ ಸಿಂಪಡಿಸಿ, ಅವು ಇರುವುದು ಅಲ್ಲಿ. ನಿಜವಾದ ಶತ್ರು ಬೇರೆ. ಕುಡಿ ಮತ್ತು ಕಾಯಿ ಕೊರೆಯುವ ಹುಳು. ನಿಮಗೆ ನೆನಪಿರಬಹುದು, 2010ರಲ್ಲಿ ಬಿಟಿ ಬದನೆ, ಅಂದರೆ ಈ ಹುಳುವನ್ನು ತಡೆಯಲು ಹೊರಗಿನ ಜೀನ್ ಸೇರಿಸಿದ ಕುಲಾಂತರಿ ಬದನೆ, ಅಂತ ದೊಡ್ಡ ಗಲಾಟೆ ಆಯಿತು. ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶ್ ಊರೂರಲ್ಲಿ ಸಭೆ ಕರೆದರು, ಬೆಂಗಳೂರಿನಲ್ಲೂ ಆಯಿತು. ಆ ಫೆಬ್ರವರಿ 9ಕ್ಕೆ ಅದಕ್ಕೆ ತಡೆ ಬಿತ್ತು. ಆ ಜಗಳವೆಲ್ಲ ಹುಟ್ಟಿದ್ದು ಇದೊಂದು ಹುಳುವಿನಿಂದ. ರೈತರು ಇದಕ್ಕೆ ಹೊಡೆಯುವ ಔಷಧಿಗೆ ಲೆಕ್ಕವಿಲ್ಲ, ಯಾಕೆಂದರೆ ಅದು ಒಳಗೆ ಕೂತಿರುತ್ತದೆ, ಔಷಧಿ ಹೊರಗೆ ಬೀಳುತ್ತದೆ. ಎಕರೆಗಟ್ಟಲೆ ಬೆಳೆಯುವವರ ಕಷ್ಟ ದೊಡ್ಡದು. ಎರಡು ಬಕೆಟ್ ಇಟ್ಟುಕೊಂಡ ನಮಗೆ ಇದು ಕಣ್ಣಿನಿಂದ ಗೆಲ್ಲಬಹುದಾದ ಜಗಳ.

ಹೇಗೆ ಅಂದರೆ, ಬೆಳಿಗ್ಗೆ ಗಿಡ ಪೂರ್ತಿ ಚೆನ್ನಾಗಿದ್ದು ಒಂದೇ ಒಂದು ಕುಡಿ ಜೋತುಬಿದ್ದಿದ್ದರೆ ಅದು ನೀರಿನ ಕೊರತೆ ಅಲ್ಲ. ಹುಳು ಒಳಗಿದೆ. ಜೋತ ಜಾಗದಿಂದ ಒಂದು ಇಂಚು ಕೆಳಗೆ ಕತ್ತರಿಸಿ, ಸೀಳಿ ನೋಡಿ. ನಸುಗೆಂಪು ಮರಿ ಸಿಗುತ್ತದೆ. ಸೋಪಿನ ನೀರಿಗೆ ಹಾಕಿ. ಕಾಂಪೋಸ್ಟಿಗೆ ಹಾಕಿದರೆ ಅಲ್ಲೇ ಪತಂಗವಾಗಿ ಎದ್ದು ಬರುತ್ತದೆ. ಗಿಡದ ಬುಡದಲ್ಲಿ ಉದುರಿದ ಎಲೆಯಲ್ಲೂ ಅದು ಗೂಡು ಕಟ್ಟುತ್ತದೆ. ಹುಳು ಕಂಡ ತಿಂಗಳು ಹಾಸಿದ ಒಣಗೆಲೆಯನ್ನೆಲ್ಲ ತೆಗೆದು ಹೊಸದು ಹಾಕಿ.

ಕಾಯಿಯ ವಿಷಯದಲ್ಲಿ ಒಂದು ತಮಾಷೆ ಇದೆ. ಮಾರ್ಕೆಟ್ಟಿನಲ್ಲಿ ನಾವೆಲ್ಲ ತೂತಿಲ್ಲದ ಕಾಯಿ ಆರಿಸಿಕೊಂಡು ಬುದ್ಧಿವಂತರು ಅಂದುಕೊಳ್ಳುತ್ತೇವೆ, ಅಲ್ವಾ? ಹುಳು ಒಳಗೆ ಹೋಗುವುದು ತೀರ ಸಣ್ಣ ಮರಿಯಾಗಿದ್ದಾಗ, ಹೆಚ್ಚಾಗಿ ತೊಟ್ಟಿನ ಟೋಪಿಯ ಅಡಿಯಿಂದ. ಆ ತೂತು ಮುಚ್ಚಿಹೋಗುತ್ತದೆ, ಕಾಣುವುದಿಲ್ಲ. ನಾವು ನೋಡುವ ದೊಡ್ಡ ತೂತು ಅದು ತಿಂದು ಮುಗಿಸಿ ಆಚೆ ಬಂದ ಬಾಗಿಲು. ಅಂದರೆ ತೂತಿದ್ದ ಕಾಯಿಯಲ್ಲಿ ಹುಳು ಮನೆ ಖಾಲಿ ಮಾಡಿರಬಹುದು, ತೂತಿಲ್ಲದ್ದರಲ್ಲಿ ಇನ್ನೂ ಊಟಕ್ಕೆ ಕೂತಿರಬಹುದು. ಎಣ್ಣೆಗಾಯಿಗೆ ಸೀಳುವಾಗ ಎಲ್ಲರೂ ಯಾಕೆ ಬೆಳಕಿಗೆ ಹಿಡಿದು ನೋಡುತ್ತಾರೆ ಅಂತ ಈಗ ಗೊತ್ತಾಯಿತಲ್ಲ.

"ನಮ್ಮ ಗಿಡ ಚೆನ್ನಾಗೇ ಇತ್ತು. ಮೂರು ದಿನದಲ್ಲಿ ಹಸಿರಾಗಿದ್ದ ಹಾಗೇ ಬಾಡಿ ಹೋಯಿತು. ನೀರು ಹಾಕಿದರೂ ಏಳಲಿಲ್ಲ."

ಅಮ್ಮ, ಅದು ಸೊರಗು ರೋಗ ಇರಬೇಕು. ಮಣ್ಣಿನ ದುಂಡಾಣುವಿನಿಂದ ಬರುತ್ತದೆ. ಕರಾವಳಿ, ಮಲೆನಾಡಿನ ಕಡೆ ಜಾಸ್ತಿ. ಅನುಮಾನ ಇದ್ದರೆ ಬುಡದ ಕಾಂಡ ಒಂದು ಗೇಣು ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ಅದೇ. ಔಷಧಿ ಇಲ್ಲ. ಗಿಡ ಕಿತ್ತು ಹೊರಗೆ ಹಾಕಿ. ಆ ಮಣ್ಣಿಗೆ ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬೇಡಿ, ಅವೆಲ್ಲ ಬದನೆಯ ದಾಯಾದಿಗಳು. ಮುಂದಿನ ಸಲ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ್ ಅಥವಾ ಅರ್ಕಾ ನೀಲಕಂಠ ಹಾಕಿ. ಈ ರೋಗ ತಡೆಯುವ ಗುಣ ಇರುವ ತಳಿಗಳು ಅವು. ಗಿಡದ ತುಂಬ ಬೆರಳುಗುರಿನಷ್ಟು ಎಲೆ ಬಂದು ಪೊರಕೆ ಥರ ಆದರೆ ಅದು ಬೇರೆ ರೋಗ, ಕಿರು ಎಲೆ ರೋಗ. ಅದಕ್ಕೂ ಕೀಳುವುದೇ ದಾರಿ. ಪಾಪ ಅಂತ ಇಟ್ಟುಕೊಂಡರೆ ಜಿಗಿಹುಳು ಪಕ್ಕದ ಗಿಡಕ್ಕೂ ದಾಟಿಸುತ್ತದೆ.

ತಳಿ ಯಾವುದು ಅಂತ ಆಗಲೇ ಯಾರೋ ಕೇಳಿದಿರಿ. ನಮ್ಮ ರಾಜ್ಯದಲ್ಲಿ ಇದಕ್ಕೆ ಜಗಳವೇ ಆಗುತ್ತದೆ. ಧಾರವಾಡದ ಕಡೆಯವರಿಗೆ ತೊಟ್ಟಿಗೆ ಮುಳ್ಳಿಲ್ಲದಿದ್ದರೆ ಅದು ಬದನೆಯೇ ಅಲ್ಲ. ಮುಳಗಾಯಿ ಬೇಕು, ಶೇಂಗಾ ಗುರೆಳ್ಳು ತುಂಬಿ ಎಣ್ಣೆಗಾಯಿ ಆಗಬೇಕು, ರೊಟ್ಟಿ ಇರಬೇಕು. ಮೈಸೂರಿನವರು ಈರನಗೆರೆ ಹಸಿರು ಬದನೆ ಬಿಟ್ಟುಕೊಡುವುದಿಲ್ಲ. ಉಡುಪಿಯವರದ್ದು ಮಟ್ಟು ಗುಳ್ಳ. ತಿಳಿ ಹಸಿರು, ಗುಂಡಗೆ, ತೆಳು ಸಿಪ್ಪೆ. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರು ಅಂತ ಆ ಊರಿನ ನಂಬಿಕೆ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನಾನು ಬೀಜ ತರಿಸಿ ಬಕೆಟ್ಟಿನಲ್ಲಿ ಹಾಕಿದೆ. ಗಿಡ ಬಂತು, ಕಾಯಿಯೂ ಬಂತು. ಉಡುಪಿ ಮೂಲದ ಗೆಳೆಯರೊಬ್ಬರನ್ನು ಕರೆದು ಹುಳಿ ಮಾಡಿ ಬಡಿಸಿದೆವು. ಎರಡು ಸಲ ಹಾಕಿಸಿಕೊಂಡು ಉಂಡು, ಕೈತೊಳೆದು ಬಂದು, "ಚೆನ್ನಾಗಿತ್ತು, ಆದರೆ ಗುಳ್ಳ ಅಲ್ಲ" ಅಂದರು. ಒಪ್ಪಿಕೊಂಡೆ. ಮಟ್ಟುವಿನ ಸಮುದ್ರದ ಪಕ್ಕದ ಮಣ್ಣನ್ನು ನಾನೆಲ್ಲಿಂದ ತರಲಿ?

ಬಕೆಟ್ಟಿಗೆ ನನ್ನ ಆಯ್ಕೆ ಸಣ್ಣ ಕಾಯಿಯ ತಳಿಗಳು. ಹೆಸರಘಟ್ಟದ್ದೇ ಅರ್ಕಾ ಕುಸುಮಾಕರ್ ಅಂತ ಇದೆ, ಬೆರಳು ಗಾತ್ರದ ಹಸಿರು ಕಾಯಿ ಗೊಂಚಲು ಗೊಂಚಲಾಗಿ ಬಿಡುತ್ತದೆ. ಕಿಲೋ ತೂಗುವ ಭರ್ತಾ ಬದನೆ ಬಕೆಟ್ಟಿನಲ್ಲಿ ಬೆಳೆಯಲು ಹೋದರೆ ಎರಡು ಕಾಯಿಗೇ ಗಿಡ ಕೈ ಎತ್ತುತ್ತದೆ. ಯಾವುದೇ ಇರಲಿ, ಕಾಯಿ ಮಿರಮಿರ ಹೊಳೆಯುವಾಗಲೇ ಕೊಯ್ಯಿರಿ. ಹೆಬ್ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೆ ಬರಬೇಕು. ಹೊಳಪು ಹೋಯಿತು ಅಂದರೆ ಬೀಜ ಬಲಿಯಿತು. ಇನ್ನೂ ದಪ್ಪ ಆಗಲಿ ಅಂತ ಬಿಟ್ಟಷ್ಟೂ ಗಿಡ ಮುಂದಿನ ಹೂವಿಗೆ ಗಿಡ್ಡ ತಲೆ ಕೊಡುತ್ತದೆ. ಕೊಯ್ಯುವಾಗ ಎಳೆಯಬೇಡಿ, ಕತ್ತರಿ ಹಾಕಿ.

ಕೊನೆಯದಾಗಿ ಒಂದು ವಿಷಯ, ಇದನ್ನು ಯಾರೂ ಮಾಡುವುದಿಲ್ಲ. ಆರೇಳು ತಿಂಗಳು ಕಾಯಿ ಕೊಟ್ಟ ಮೇಲೆ ಗಿಡ ಸೋಲುತ್ತದೆ. ಎಲೆ ಹಳದಿ, ಕಾಯಿ ಸಣ್ಣದು, ಸೊಟ್ಟ. ಆಗ ಎಲ್ಲರೂ ಕಿತ್ತು ಎಸೆಯುತ್ತಾರೆ. ಬೇಡ. ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರಲು ಕೂಳೆ ಬಿಡುವ ಹಾಗೆ ಬದನೆಗೂ ಬಿಡಬಹುದು. ಗಿಡಕ್ಕೆ ರೋಗ ಇಲ್ಲದಿದ್ದರೆ ಮಣ್ಣಿನಿಂದ ಒಂದು ಅಡಿ ಬಿಟ್ಟು ಕತ್ತರಿಸಿ. ಮೇಲಿನ ಮೂರು ಇಂಚು ಮಣ್ಣು ಕೆರೆದು ತೆಗೆದು ಹೊಸ ಗೊಬ್ಬರ ತುಂಬಿ. ಮೇ ಕೊನೆ, ಮಳೆ ಹಿಡಿಯುವ ಹೊತ್ತಿಗೆ ಮಾಡಿದರೆ ಒಳ್ಳೆಯದು. ಮೂರು ವಾರ ಬೋಳು ಕೋಲು ನೋಡಿಕೊಂಡು ಮನೆಯವರ ಮಾತು ಕೇಳಬೇಕಾಗುತ್ತದೆ. ಆಮೇಲೆ ಬುಡದಿಂದ ನೇರಳೆ ಚಿಗುರು ಒಡೆಯುತ್ತದೆ. ಇನ್ನೆರಡು ತಿಂಗಳಿಗೆ ಕಾಯಿ. ನಾನು ಹೊತ್ತು ತಂದ ಈ ಗಿಡಕ್ಕೆ ಎರಡು ವರ್ಷ ಆಗಿದೆ. ಇದರ ಬುಡ ನೋಡಿ, ಹೆಬ್ಬೆರಳಿಗಿಂತ ದಪ್ಪ, ಮರದ ಹಾಗೆ ಗಟ್ಟಿ. ಎರಡು ಸಲ ಕತ್ತರಿಸಿದ ಗುರುತು ಅಲ್ಲೇ ಇದೆ. ಎಂಟು ಇಂಚಿನ ಕುಂಡದಲ್ಲಿ ಈ ಕೂಳೆ ಆಟ ನಡೆಯುವುದಿಲ್ಲ.

ಬಾಗಿಲ ಪಕ್ಕದ ಟ್ರೇಯಲ್ಲಿ ಮೂವತ್ತು ಸಸಿ ಇಟ್ಟಿದ್ದೇನೆ, ಐದು ವಾರದವು. ಮನೆಗೆ ಒಂದು ತೆಗೆದುಕೊಂಡು ಹೋಗಿ. ಎರಡು ಬೇಕು ಅನ್ನುವವರು ನಾಳೆ ಬಂದು ಎರಡು ಬಕೆಟ್ ತೋರಿಸಿ, ಕೊಡುತ್ತೇನೆ.